ಬೂರುಗದ ಹಾಡಿಯ ಜ್ವರ

ಹೆಗ್ಗಡದೇವನಕೋಟೆ,
೯ನೇ ಏಪ್ರಿಲ್ ೧೯೭೨, ಭಾನುವಾರ

ಪ್ರೀತಿಯ ತಮ್ಮ ಗುರುಮಲ್ಲುವಿಗೆ, ನಿನ್ನ ಅಕ್ಕ ಭದ್ರಮ್ಮ ಎರಡೂ ಕೈಯಿಂದ ತಲೆ ನೇವರಿಸಿ ಮಾಡುವ ಆಶೀರ್ವಾದ.

ನಿನ್ನ ಕಾಲಿನ ಗಾಯ ಈಗ ಹೇಗಿದೆ? ಹೊಲಿಗೆ ಬಿಚ್ಚಿದ್ದಾರೆ, ಕೋಲು ಊರಿಕೊಂಡು ಅಡುಗೆಯ ಡೇರೆಯವರೆಗೆ ನಡೆಯುತ್ತೇನೆ ಎಂದು ಫೆಬ್ರವರಿಯಲ್ಲಿ ನೀನು ಬರೆದಿದ್ದೆ. ಅಲ್ಲಿಯ ಚಳಿಯಲ್ಲಿ ಗಾಯ ಬೇಗ ಮಾಯುವುದಿಲ್ಲವಂತೆ, ನಮ್ಮ ಶಾಲೆಯ ಹೆಡ್ಮೇಷ್ಟ್ರು ಹೇಳಿದರು. ಯುದ್ಧ ಮುಗಿಯಿತೆಂದು ಉಡಾಫೆ ಮಾಡಬೇಡ, ಡಾಕ್ಟರು ಹೇಳಿದಷ್ಟು ದಿನ ಮಲಗಿರು. ಅವ್ವ ಊರಿನಲ್ಲೇ ಚಿಕ್ಕಪ್ಪನ ಮನೆಯಲ್ಲಿದ್ದಾಳೆ. ದಿನಕ್ಕೊಂದು ಹೊತ್ತು ಉಣ್ಣುತ್ತಾಳೆ, ಮಾತು ಕಡಿಮೆ. ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದುವಾಗ ನಿನಗೆ ಅದೇ ಅನುಮಾನ ಬರುತ್ತದೆ. ಈ ಕಾಗದ ಮುಟ್ಟುವುದಕ್ಕೂ ಹೆದರಬೇಡ. ಇದು ಕಾಗದದಿಂದ ಅಂಟುವ ಕಾಯಿಲೆಯಲ್ಲ.

ನಿನ್ನ ಅಣ್ಣ ಬಸವಣ್ಣ ತೀರಿಕೊಂಡ ಸುದ್ದಿ ನಿನಗೆ ತಂತಿಯಲ್ಲಿ ಮೂರು ಮಾತಿನಲ್ಲಿ ಬಂತು. ರಜೆ ಸಿಗಲಿಲ್ಲ, ಸಿಕ್ಕಿದ್ದರೂ ಆ ಕಾಲಿನಲ್ಲಿ ನಾಲ್ಕು ದಿನ ರೈಲಿನಲ್ಲಿ ಬರಲು ಆಗುತ್ತಿರಲಿಲ್ಲ. ಅದಕ್ಕೆ ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ. ನಿನ್ನ ಕಾಗದದಲ್ಲಿ ಸಾಲಾಗಿ ಕೇಳಿದ್ದೀಯ. ಮೂವತ್ತೆಂಟು ವರ್ಷದ ಗಟ್ಟಿ ಆಳು ಆರು ದಿನದಲ್ಲಿ ಹೋಗುವಂಥ ಜ್ವರ ಯಾವುದು, ಮೈಸೂರಿಗೆ ಯಾಕೆ ಸಾಗಿಸಲಿಲ್ಲ, ಕೊನೆಯಲ್ಲಿ ಅವನ ಹತ್ತಿರ ಯಾರಿದ್ದರು ಎಂದು. ಕೊನೆಯ ಪ್ರಶ್ನೆಯನ್ನು ನೀನು ಎರಡು ಸಲ ಬರೆದಿದ್ದೀಯ. ಊರಿನ ಕಡೆಯಿಂದ ನಿನಗೆ ಏನೋ ಸುದ್ದಿ ಮುಟ್ಟಿದೆ, ಅಕ್ಕ ಅವನನ್ನು ಬಿಟ್ಟು ಹೋಗಿದ್ದಳು ಎಂದು. ಹೌದು, ಒಂದು ದಿನ ಹೋಗಿದ್ದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಅವನ ಕೆಲಸ ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ನಿನಗೂ ಅಷ್ಟೆ. ನೀನು ಅವನಿಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವನು, ನೀನು ಬುದ್ಧಿ ಬಂದು ನೋಡುವಷ್ಟರಲ್ಲಿ ಅವನು ಮೈಸೂರಿನ ಹಾಸ್ಟೆಲಿನಲ್ಲಿದ್ದ. ಅವನು ಹುಟ್ಟಿದ್ದು ಊರಿನೊಳಗಲ್ಲ. ಆ ವರ್ಷ ಪ್ಲೇಗು ಬಂದು, ಜಂತೆಯಿಂದ ಇಲಿ ಬೀಳತೊಡಗಿದ ಕೂಡಲೇ ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು. ಅಂಥ ಗುಡಿಸಲಿನಲ್ಲಿ ಅವ್ವನಿಗೆ ಹೆರಿಗೆಯಾಯಿತು. ನನಗೆ ಆಗ ಆರು ವರ್ಷ. ಸೂಲಗಿತ್ತಿ ಹೆದರಿ ಬರಲಿಲ್ಲ, ಅಜ್ಜಿಯೇ ಹೊಕ್ಕಳುಬಳ್ಳಿ ಕೊಯ್ದಳು. ಮಗುವನ್ನು ಯಾರೂ ಮುಟ್ಟಬೇಡಿ ಎಂದು ಪಟೇಲರು ಹೇಳಿಕಳಿಸಿದ್ದರಂತೆ. ಬೆಟ್ಟದಪುರದ ಮಲ್ಲಯ್ಯನ ಹೆಸರು ಹೇಳಿ ಅವ್ವ ಅವನನ್ನು ಉಳಿಸಿಕೊಂಡಳು. ದೊಡ್ಡವನಾದ ಮೇಲೆ ಆ ಕಥೆಯನ್ನು ಅವನಿಗೆ ಎಷ್ಟು ಸಲ ಹೇಳಿದರೂ ಸಾಲದು. ಇಲಿ ಯಾಕೆ ಮೊದಲು ಸಾಯುತ್ತದೆ, ಮನುಷ್ಯ ಯಾಕೆ ಆಮೇಲೆ ಸಾಯುತ್ತಾನೆ, ನಡುವೆ ಏನಿದೆ, ಇದೇ ಅವನ ಪ್ರಶ್ನೆ. ಅಪ್ಪ ಬೇಸತ್ತು, ನಡುವೆ ದೇವರಿದ್ದಾನೆ ಅನ್ನುತ್ತಿದ್ದರು. ನಡುವೆ ಇರುವುದು ಚಿಗಟ ಎಂದು ಪುಸ್ತಕದಲ್ಲಿ ಓದಿದ ದಿನ ಅವನು ಹೈಸ್ಕೂಲಿನಿಂದ ಮನೆಯವರೆಗೆ ಓಡಿಬಂದಿದ್ದ.

ಅಲ್ಲಿಂದ ಹಿಡಿದ ದಾರಿ ಬಿಡಲಿಲ್ಲ. ಕಾಡಿನಲ್ಲಿ ಜ್ವರ ಯಾವ ಹುಳುವಿನಿಂದ ಬರುತ್ತದೆ ಎಂದು ಹುಡುಕುವುದೇ ಅವನ ಕೆಲಸ. ಪುಣೆಯ ಕಡೆ ಕಲಿತ, ಆಮೇಲೆ ಅಸ್ಸಾಮಿನ ಆಚೆಯ ಗುಡ್ಡಗಳಿಗೆ ಹೋದ, ಅಂಡಮಾನಿಗೆ ಹೋದ, ಶಿವಮೊಗ್ಗದ ಕಾಡಿನಲ್ಲಿ ಮೂರು ವರ್ಷ ಇದ್ದ. ಬಾವಲಿಯ ಗವಿಯೊಳಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದದ್ದು, ಹಗ್ಗ ಹರಿದು ಒಂದು ಹಗಲು ಅಲ್ಲೇ ಕೂತದ್ದು, ಇವೆಲ್ಲ ನನಗೆ ಗೊತ್ತಾಗಿದ್ದು ವರ್ಷಗಟ್ಟಲೆ ಆದ ಮೇಲೆ. ಮದುವೆ ಯಾಕೆ ಆಗಲಿಲ್ಲ ಎಂದು ನೀನು ಒಮ್ಮೆ ಕೇಳಿದ್ದೆ. ಕೆ.ಆರ್. ನಗರದಲ್ಲಿ ಒಂದು ಹೆಣ್ಣು ನೋಡಲು ನಾನೇ ಕರೆದುಕೊಂಡು ಹೋಗಿದ್ದೆ. ಉಪ್ಪಿಟ್ಟಿನ ತಟ್ಟೆ ತೆಗೆದುಕೊಳ್ಳಲು ಬಗ್ಗಿದಾಗ ಅವನ ಜೇಬಿನಿಂದ ಒಂದು ಗಾಜಿನ ಸೀಸೆ ಉರುಳಿ ಹುಡುಗಿಯ ಕಾಲ ಹತ್ತಿರ ನಿಂತಿತು. ಒಳಗೆ ಇಪ್ಪತ್ತು ಮೂವತ್ತು ಉಣ್ಣಿಗಳು ಜೀವಂತ ಹರಿದಾಡುತ್ತಿದ್ದವು. ಇವನು ಹುಡುಗಿಯನ್ನು ನೋಡಲಿಲ್ಲ, ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿದ. ಅಲ್ಲಿಗೆ ಆ ಸಂಬಂಧ ಮುಗಿಯಿತು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅತ್ತೆ, ಅವನು ನಕ್ಕ.

ನಾಲ್ಕು ವರ್ಷದ ಹಿಂದೆ ಅವನಿಗೆ ಇಲ್ಲಿ, ಹೆಗ್ಗಡದೇವನಕೋಟೆಯಲ್ಲಿ, ಎರಡು ಕೋಣೆಯ ಕಚೇರಿ ಕೊಟ್ಟರು. ನಿಮ್ಮ ಭಾವ ತೀರಿಹೋದ ಮೇಲೆ ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ವರ್ಗ ಮಾಡಿಸಿಕೊಂಡು ಬಂದು ಅವನ ಜೊತೆ ಇದ್ದೆ. ಕಚೇರಿಯಲ್ಲಿ ಸೀಮೆಎಣ್ಣೆಯಿಂದ ಓಡುವ ಫ್ರಿಜ್ ಒಂದು, ಸೂಕ್ಷ್ಮದರ್ಶಕ ಒಂದು, ದೇವರಾಜು ಎಂಬ ಅಟೆಂಡರು ಒಬ್ಬ. ಅವನ ನಿಜವಾದ ಕಚೇರಿ ಕಾಕನಕೋಟೆ ಕಾಡಿನ ಅಂಚಿನ ಬೂರುಗದ ಹಾಡಿ. ಅಲ್ಲಿ ಜೇನುಕುರುಬರ ಹದಿನಾಲ್ಕು ಗುಡಿಸಲು. ಸಿದ್ದ ಎಂಬುವನು ಅಲ್ಲಿಯ ಹಿರಿಯ, ಹೆಜ್ಜೇನು ಕೀಳುವುದರಲ್ಲಿ ಅವನಂಥವನು ಇನ್ನೊಬ್ಬನಿಲ್ಲ. ಇವರಿಬ್ಬರೂ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ, ಹುಲ್ಲಿನ ಮೇಲೆ ಎಳೆದುಕೊಂಡು ಕಾಡೆಲ್ಲ ತಿರುಗುತ್ತಿದ್ದರು. ಹುಲ್ಲಿನ ತುದಿಯಲ್ಲಿ ಕೂತ ಉಣ್ಣಿಗಳು ಬಟ್ಟೆಗೆ ಹತ್ತುತ್ತವೆ, ಅವನ್ನು ಚಿಮುಟದಿಂದ ಸೀಸೆಗೆ ಹಾಕುವುದು. ಒಮ್ಮೆ ಒಂಟಿ ಸಲಗ ಅಟ್ಟಿಸಿಕೊಂಡು ಬಂದು, ಇಬ್ಬರೂ ಮತ್ತಿಮರದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದರು. ಮನೆಗೆ ಬಂದವನು ಹೇಳಿದ್ದು ಆನೆಯ ವಿಷಯವಲ್ಲ. ಆನೆ ಮೈ ಉಜ್ಜಿದ ಮರದಲ್ಲಿ ನಲವತ್ತು ಉಣ್ಣಿ ಸಿಕ್ಕವು, ಒಂದು ಜಾತಿ ಹೊಸದು ಎಂದು.

ನಾನು ಮಾತ್ರ ಈ ನಾಲ್ಕು ವರ್ಷ ಹೆದರಿಕೊಂಡೇ ಬದುಕಿದೆ. ಅವನ ಬಟ್ಟೆಯನ್ನು ಹೊರಗಿನ ಹಂಡೆಯಲ್ಲಿ ಕುದಿಸದೆ ಒಳಗೆ ತಂದವಳಲ್ಲ. ಹಾಸಿಗೆಯ ಮೇಲೆ ಒಂದು ಎಳ್ಳು ಬಿದ್ದಿದ್ದರೂ ಬೆರಳಿನಿಂದ ಒತ್ತಿ ನೋಡುತ್ತಿದ್ದೆ, ಯಾಕೆಂದರೆ ಮರಿ ಉಣ್ಣಿ ಎಳ್ಳಿಗಿಂತ ಚಿಕ್ಕದು. ನನಗೆ ಅವನೇ ಪಾಠ ಹೇಳಿದ್ದ. ಕಾಡಿನ ಜ್ವರ ಮನುಷ್ಯರಿಂದ ಮನುಷ್ಯರಿಗೆ ಬರುವುದಲ್ಲ, ಉಣ್ಣಿ ಕಚ್ಚಬೇಕು. ಕಚ್ಚಿದ ಎಂಟು ದಿನದೊಳಗೆ ಜ್ವರ ಬರದಿದ್ದರೆ ಉಳಿದೆವು. ಮಂಗ ಸತ್ತು ಹೆಣ ತಣ್ಣಗಾದರೆ, ಅದರ ಮೈಮೇಲಿನ ಉಣ್ಣಿಗಳು ಇಳಿದು ಬೆಚ್ಚಗಿರುವ ಬೇರೆ ಮೈ ಹುಡುಕುತ್ತವೆ. ಇದನ್ನೆಲ್ಲ ಅವನು ಊಟದ ತಟ್ಟೆಯ ಮುಂದೆ ಕೂತು ನಗುನಗುತ್ತ ಹೇಳುತ್ತಿದ್ದ. ನಾನು ಎದ್ದುಹೋಗಿ ಹಾಸಿಗೆಯನ್ನು ಮತ್ತೊಮ್ಮೆ ಕೊಡವುತ್ತಿದ್ದೆ.

ಫೆಬ್ರವರಿ ಕೊನೆಯಲ್ಲಿ ಸಿದ್ದ ಒಂದು ಮಧ್ಯಾಹ್ನ ಶಾಲೆಯ ಹತ್ತಿರವೇ ಬಂದ. ಕಾಡಿನಿಂದ ಕೋಟೆಯವರೆಗೆ ನಡೆದು ಬಂದಿದ್ದ. ಮೆಟ್ಟಿಲ ಮೇಲೆ ಕೂರಲಿಲ್ಲ, ನೀರು ಕೇಳಲಿಲ್ಲ. "ಅಕ್ಕ, ಮುಸುವ ಮರದಿಂದ ಹಣ್ಣು ಉದುರ್ದಂಗೆ ಉದುರ್ತಾವೆ. ಬುದ್ಧಿಯೋರ್ಗೆ ಹೇಳು" ಎಂದ. ಹಾಡಿಯವರಿಗೆ ಕಪ್ಪು ಮುಖದ ಮಂಗ ಎಂದರೆ ಮುಸುವ, ನಿನ್ನ ಅಣ್ಣ ಎಂದರೆ ಬುದ್ಧಿಯೋರು. ನಾನು ಹುಡುಗಿಯರಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಏಳರ ಮಗ್ಗಿ ನಡುವಿನಲ್ಲಿ ನಿಂತುಹೋಯಿತು. ಅವ್ವ ಹೇಳುತ್ತಿದ್ದ ಇಲಿಗಳ ನೆನಪಾಯಿತು. ಸಂಜೆ ನಿನ್ನ ಅಣ್ಣನಿಗೆ ಹೇಳಿದಾಗ ಅವನ ಮುಖದಲ್ಲಿ ಭಯ ಬರಲಿಲ್ಲ, ಬೆಳಕು ಬಂತು. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಶಿವಮೊಗ್ಗದ ಕಡೆಯ ಮಂಗನ ಜ್ವರವೇ ಇಲ್ಲಿಗೂ ಬಂದಿದೆಯೋ ಅಥವಾ ಇದು ಬೇರೆಯದೋ, ಗೊತ್ತಾಗಬೇಕಾದರೆ ಸತ್ತ ಮಂಗವೊಂದು ಕೆಡುವ ಮುಂಚೆ ಸಿಗಬೇಕು ಎಂದು ಮಾರನೆಯ ದಿನವೇ ಹೊರಟ.

ಮಾರ್ಚ್ ಮೊದಲ ವಾರದಲ್ಲಿ ಹಾಡಿಯಲ್ಲಿ ಜ್ವರ ಕಾಣಿಸಿತು. ಮೊದಲು ಸಿದ್ದನ ತಮ್ಮ ನಿಂಗ. ಸೌದೆ ತಂದು ಇಳಿಸಿದವನು ತಲೆ ಹಿಡಿದುಕೊಂಡು ಮಲಗಿ, ಐದನೇ ದಿನ ಮೂಗಿನಲ್ಲಿ ರಕ್ತ ಸುರಿದು ಹೋದ. ಆಮೇಲೆ ಸಿದ್ದನ ಸೊಸೆ ಚಿಕ್ಕಿ. ಕಾಡಿಗೆ ಹೋಗಬೇಡಿ, ಸತ್ತ ಮಂಗದ ಹತ್ತಿರ ಸುಳಿಯಬೇಡಿ ಎಂದು ನಿನ್ನ ಅಣ್ಣ ಗುಡಿಸಲು ಗುಡಿಸಲಿಗೂ ಹೋಗಿ ಹೇಳಿದ. ಕಾಡಿಗೆ ಹೋಗದೆ ಏನು ತಿನ್ನಾಣ ಎಂದು ಅವರು ಕೇಳಿದರು. ಇಲ್ಲಿಂದ ಎರಡು ಮೂಟೆ ರಾಗಿ ಹೊರಿಸಿಕೊಂಡು ಹೋಗಿ ಇಳಿಸಿದ. ಚಿಕ್ಕಿಯ ಪಕ್ಕದಲ್ಲೇ ಕೂತು ಗಂಜಿ ಕುಡಿಸಿದ. ಅವಳು ಉಳಿದಳು, ಇನ್ನೂ ಕೈ ನಡುಗುತ್ತದೆ, ಆದರೆ ಉಳಿದಳು.

ಯುಗಾದಿಯ ಹಿಂದಿನ ದಿನ ಅವನಿಗೆ ಬೇಕಾದದ್ದು ಸಿಕ್ಕಿತು. ಆಗತಾನೇ ಬಿದ್ದ ಮುಸುವ, ಇನ್ನೂ ಮೈ ಬಿಸಿಯಿತ್ತಂತೆ. ಸಿದ್ದ ಮುಟ್ಟುವುದಿಲ್ಲ ಎಂದ, ಇವನನ್ನೂ ತಡೆದ. ಚೀಲಕ್ಕೆ ಹಾಕುವ, ಉಣ್ಣಿ ಕೊಲ್ಲುವ ಔಷಧಿ ಕಚೇರಿಯಲ್ಲಿ ಉಳಿದಿತ್ತು, ಹೋಗಿ ತರುವಷ್ಟರಲ್ಲಿ ಬಿಸಿಲಿಗೆ ಹೆಣ ಕೆಡುತ್ತದೆ. ನಿನ್ನ ಅಣ್ಣ ಅದನ್ನು ಗೋಣಿಚೀಲದಲ್ಲಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ನಾಲ್ಕು ಮೈಲಿ ನಡೆದ. ನಾಲ್ಕು ಮೈಲಿಗೆ ಹೆಣ ತಣ್ಣಗಾಗುತ್ತದೆ, ಗುರುಮಲ್ಲು. ನನಗೆ ಪಾಠ ಹೇಳಿದವನಿಗೆ ಅದು ಗೊತ್ತಿರಲಿಲ್ಲವೇ? ಈಗ ಕೋಟೆಯಲ್ಲಿ ಜನ ಅವನನ್ನು ದೇವರಂಥವನು, ಹಾಡಿಯವರಿಗಾಗಿ ಪ್ರಾಣ ಕೊಟ್ಟ ಅನ್ನುತ್ತಾರೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನಿನಗೆ ಮಾತ್ರ ನಿಜ ಹೇಳುತ್ತೇನೆ. ಆ ಹೊತ್ತಿನಲ್ಲಿ ಅವನಿಗೆ ಹಾಡಿಯೂ ನೆನಪಿರಲಿಲ್ಲ, ನಾನೂ ನೆನಪಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಎಂಬ ಹಸಿವೊಂದೇ ಇತ್ತು.

ಯುಗಾದಿಯ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ಮಣೆ ಹಾಕಿ ಅವನಿಗೆ ಎಣ್ಣೆ ಹಚ್ಚುತ್ತಿದ್ದೆ. ತಲೆಗೆ ಹಚ್ಚಿ, ಬೆನ್ನಿಗೆ ಹಚ್ಚಿ, ಕಿವಿಯ ಹಿಂದೆ ಉಜ್ಜುವಾಗ ಬೆರಳಿಗೆ ಒಂದು ಗಂಟು ತಾಗಿತು. ಕೂದಲು ಸರಿಸಿ ನೋಡಿದೆ. ಕಪ್ಪು ಚುಕ್ಕೆ, ಕಾಲುಗಳು ಅಲುಗುತ್ತಿದ್ದವು. ನನ್ನ ಕೈ ಅಲ್ಲೇ ನಿಂತಿತು. ಅವನು ತಿರುಗದೆ ಕೇಳಿದ, "ಸಿಕ್ತಾ ಅಕ್ಕ?" ಅವನಿಗೆ ಕೇಳದೆಯೇ ಗೊತ್ತಾಗಿತ್ತು. ಚಿಮುಟ ತರಿಸಿ, ಹೇಗೆ ಕೀಳಬೇಕೆಂದು ಹೇಳಿ, ಕಿತ್ತದ್ದನ್ನು ಸೀಸೆಗೆ ಹಾಕಿಸಿ, ದಿನಾಂಕ ಬರೆಸಿದ. ಆಮೇಲೆ ನೀರು ಹುಯ್ದುಕೊಂಡು ಬೇವು ಬೆಲ್ಲ ತಿಂದು, ಒಬ್ಬಟ್ಟು ಮೂರು ತಿಂದ. ನಾನು ಅಂದಿನಿಂದ ದಿನಕ್ಕೆ ಹತ್ತು ಸಲ ಅವನ ಹಣೆ ಮುಟ್ಟಿ ನೋಡುತ್ತಿದ್ದೆ. ಶಾಲೆಯಲ್ಲಿ ಕೂತರೂ ಮನಸ್ಸು ಅವನ ಹಣೆಯ ಮೇಲೆಯೇ. ಮೂರು ದಿನ ತಣ್ಣಗಿತ್ತು. ನಾಲ್ಕನೆಯ ದಿನ, ಹತ್ತೊಂಬತ್ತನೇ ತಾರೀಕು ಭಾನುವಾರ, ಮಧ್ಯಾಹ್ನ ಊಟಕ್ಕೆ ಕೂತವನು ಅನ್ನ ಕಲಸಿ, ಕಲಸಿದ ಕೈಯನ್ನು ಹಾಗೇ ಬಿಟ್ಟು ನನ್ನನ್ನು ನೋಡಿದ. ಕಣ್ಣು ಕೆಂಪಾಗಿತ್ತು.

ಇಲ್ಲಿಯ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು, ಕಂಪೌಂಡರ್ ಚಾಮಯ್ಯನೂ ಒಳ್ಳೆಯವನು. ಇದಕ್ಕೆ ಔಷಧಿ ಎಂಬುದಿಲ್ಲ, ನೀರು ಕುಡಿಸಬೇಕು, ಗ್ಲೂಕೋಸ್ ಏರಿಸಬೇಕು, ಮೈ ತಡೆದುಕೊಂಡರೆ ಉಂಟು ಎಂದರು. ಮೈಸೂರಿಗೆ ಸಾಗಿಸೋಣ ಎಂದು ನಾನು ಕೈಮುಗಿದು ಕೇಳಿದೆ. ಇಲ್ಲಿ ಹೊಸದಾಗಿ ಕಟ್ಟುತ್ತಿರುವ ಅಣೆಕಟ್ಟೆಯ ಲಾರಿಗಳು ಓಡಾಡಿ ರಸ್ತೆಯೆಲ್ಲ ಗುಂಡಿ. ಆ ಕುಲುಕಾಟಕ್ಕೆ ಒಳಗೆ ರಕ್ತ ಒಡೆಯುತ್ತದೆ, ದಾರಿಯಲ್ಲೇ ಹೋಗುತ್ತಾರೆ ಎಂದು ಡಾಕ್ಟರು ಹೇಳಿದರು. ಹೌದೆಂದು ನಿನ್ನ ಅಣ್ಣನೂ ತಲೆಯಾಡಿಸಿದ. ಆದ್ದರಿಂದ ಸಾಗಿಸಲಿಲ್ಲ. ಅಟೆಂಡರ್ ದೇವರಾಜು ಸೋಮವಾರ ಬೆಳಿಗ್ಗೆ ಕಚೇರಿಯ ಬೀಗದಕೈಯನ್ನು ನಮ್ಮ ಕಿಟಕಿಯಲ್ಲಿಟ್ಟು ಊರಿಗೆ ಹೊರಟುಹೋದ. ಅವನ ಮೇಲೆ ಕೋಪವಿಲ್ಲ, ಅವನ ಮನೆಯಲ್ಲಿ ಮೂರು ಸಣ್ಣ ಮಕ್ಕಳು. ಎದುರುಮನೆಯ ಪುಟ್ಟಸಿದ್ದಮ್ಮ ಒಬ್ಬಳು ದಿನವೂ ಗಂಜಿ ಮಾಡಿ ಜಗಲಿಯ ತುದಿಯಲ್ಲಿಟ್ಟು, ಎರಡು ಸಲ ಕೆಮ್ಮಿ ಹೋಗುತ್ತಿದ್ದಳು.

ಜ್ವರ ಬಂದ ದಿನದಿಂದಲೇ ನಿನ್ನ ಅಣ್ಣ ನನ್ನನ್ನು ಬರೆಯಲು ಕೂರಿಸಿದ. ನನ್ನ ಶಾಲೆಯ ನೋಟ್‌ಬುಕ್ಕೇ ಸಿಕ್ಕಿದ್ದು. ಗಂಟೆ ಗಂಟೆಗೂ ಜ್ವರ ಎಷ್ಟು, ನಾಡಿ ಎಷ್ಟು, ತಲೆನೋವು ಎಲ್ಲಿ, ಬೆನ್ನು ಹೇಗೆ, ವಸಡಿನಲ್ಲಿ ರಕ್ತ ಯಾವಾಗ. ಅವನು ಹೇಳುವುದು, ನಾನು ಬರೆಯುವುದು. ಮಂಗಳವಾರ ಜ್ವರ ನೂರನಾಲ್ಕು ದಾಟಿತು. ನನಗೆ ಆ ಅಂಕಿ ಬರೆಯಲು ಆಗಲಿಲ್ಲ. ನೂರಮೂರು ಎಂದು ಬರೆದೆ, ಬರೆದರೆ ಅಷ್ಟೇ ಆಗುತ್ತದೋ ಎಂಬಂತೆ. ಪುಸ್ತಕ ತೋರಿಸು ಎಂದ. ತೋರಿಸಿದೆ. ಬೈಯಲಿಲ್ಲ. "ಅಕ್ಕ, ಸುಳ್ಳು ಬರೀಬ್ಯಾಡ. ಇದು ನಾನು ಓದೋಕಲ್ಲ" ಎಂದ. ಅಲ್ಲಿಯವರೆಗೆ ನಾನು ಅವನು ಉಳಿಯುತ್ತಾನೆ ಅಂದುಕೊಂಡಿದ್ದೆ. ಅವನು ಅಂದುಕೊಂಡಿರಲಿಲ್ಲ ಎಂದು ಆಗ ತಿಳಿಯಿತು. ಹೊಡೆದುಹಾಕಿ ಸರಿಯಾದದ್ದನ್ನು ಬರೆದೆ.

ಈಗ ನಾನು ಬಿಟ್ಟುಹೋದ ದಿನದ ವಿಷಯ. ಜ್ವರ ಏರಿರುವಾಗ ತೆಗೆದ ರಕ್ತದಲ್ಲೇ ಆ ಕ್ರಿಮಿ ಸಿಗುವುದಂತೆ. ತಡವಾದರೆ ಇಲ್ಲ, ಬಿಸಿಯಾದರೂ ಇಲ್ಲ. ಅದು ಸಿಕ್ಕರೆ ಮಾತ್ರ ಹಾಡಿಗೆ ದೊಡ್ಡ ಡಾಕ್ಟರುಗಳನ್ನು ಕಳಿಸುತ್ತಾರೆ. ನಿಂಗನ ರಕ್ತ ತೆಗೆಯುವಷ್ಟರಲ್ಲಿ ಅವನು ಹೋಗಿದ್ದ. ಚಿಕ್ಕಿಯದನ್ನು ಕಳಿಸಿದ್ದರು, ದಾರಿಯಲ್ಲಿ ಮಂಜುಗಡ್ಡೆ ಕರಗಿ ಕೆಟ್ಟಿತ್ತು. ಹೆಗಲ ಮೇಲೆ ಹೊತ್ತು ತಂದ ಆ ಮಂಗದ್ದೂ ಹಾಗೇ ಆಯಿತು. ಇನ್ನು ಉಳಿದದ್ದು ಅವನದೇ. ಡಾಕ್ಟರು ಮಂಗಳವಾರ ಬೆಂಗಳೂರಿನ ಪ್ರಯೋಗಶಾಲೆಗೆ ಟ್ರಂಕ್ ಕಾಲ್ ಮಾಡಿದರು. ಬುಧವಾರ ಎರಡು ಗಂಟೆಗೆ ಮೈಸೂರು ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬರು ಕಾಯುತ್ತಾರೆ, ತಲುಪಿಸಿ ಎಂದು ಅಲ್ಲಿಂದ ಹೇಳಿದರು. ಚಾಮಯ್ಯ ಹೋದರೆ ಇಲ್ಲಿ ಸೂಜಿ ಹಾಕುವವರಿಲ್ಲ. ಡಾಕ್ಟರು ಹೋದರೆ ಆಸ್ಪತ್ರೆಗೆ ಯಾರೂ ಇಲ್ಲ. ಸಿದ್ದನನ್ನು ಆ ಗಂಟಿನೊಂದಿಗೆ ಬಸ್ಸಿಗೆ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ. ನಾನು ಹೋಗುವುದಿಲ್ಲ ಎಂದೆ. ನೀನು ಹೋಗುವುದೂ ಒಂದೇ ಹೋಗದಿರುವುದೂ ಒಂದೇ ಎಂದು ಅವನು ಹೇಳಿದ್ದರೆ ಕೂತೇ ಇರುತ್ತಿದ್ದೆ. ಅವನು ಹಾಗೆ ಹೇಳಲಿಲ್ಲ. ನನ್ನ ಸೆರಗಿನ ತುದಿ ಹಿಡಿದು, "ನೀನು ಇಲ್ಲಿ ಕೂತ್ರೆ ನಂಗೆ ಸಮಾಧಾನ. ನೀನು ಹೋದ್ರೆ ಹಾಡಿಗೆ ಪ್ರಯೋಜನ. ನಂಗೆ ಎರಡೂ ಬೇಕು ಕಣಕ್ಕ" ಎಂದ. ಆಮೇಲೆ ಸೆರಗು ಬಿಟ್ಟ.

ಚಾಮಯ್ಯ ರಕ್ತವನ್ನು ಎರಡು ಸಣ್ಣ ಸೀಸೆಗೆ ತುಂಬಿ, ಅರಗು ಹಾಕಿ, ಹತ್ತಿಯಲ್ಲಿ ಸುತ್ತಿ, ಥರ್ಮಾಸಿನೊಳಗೆ ಮಂಜುಗಡ್ಡೆಯ ನಡುವೆ ಇಳಿಸಿದ. ಬೆಳಿಗ್ಗೆ ಒಂಬತ್ತರ ಬಸ್ಸು. ಅಣೆಕಟ್ಟೆ ಕೆಲಸದವರು, ಸಂತೆಗೆ ಹೊರಟವರು, ಕೋಳಿಬುಟ್ಟಿ, ಕಾಲಿಡಲು ಜಾಗವಿಲ್ಲ. ಥರ್ಮಾಸನ್ನು ಕೈಚೀಲದಲ್ಲಿಟ್ಟು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತೆ. ಹ್ಯಾಂಡ್‌ಪೋಸ್ಟ್ ಕೂಡುರಸ್ತೆ ದಾಟುವಷ್ಟರಲ್ಲಿ ಪಕ್ಕದ ಹೆಂಗಸು ಚೀಲ ಮುಟ್ಟಿ, "ಕಾಪಿಯಾ ಅಕ್ಕ? ನಮ್ ಮಗೀಗೆ ಒಂದ್ ಗುಟುಕು ಬುಡು" ಎಂದಳು. ಔಷಧಿ ಕಣವ್ವ ಎಂದೆ. ಅವಳ ಮಗು ಎರಡು ವರ್ಷದ್ದು, ಬಿಸಿಲಿಗೆ ಬೆವರುತ್ತಿತ್ತು. ಚೀಲ ತಂಪಾಗಿರುವುದು ಗೊತ್ತಾಗಿ ಅದಕ್ಕೆ ಕೆನ್ನೆ ಒತ್ತಿ ನಿದ್ದೆಹೋಯಿತು. ಎಬ್ಬಿಸಿದರೆ ಅಳುತ್ತದೆ, ತಾಯಿ ಯಾಕೆಂದು ಕೇಳುತ್ತಾಳೆ, ಹೇಳಿದರೆ ಬಸ್ಸಿನವರು ಇಳಿಸುತ್ತಾರೆ. ಪ್ರತಿ ಗುಂಡಿಗೂ ಸೀಸೆ ಒಡೆಯಿತು ಅಂದುಕೊಂಡೆ. ಚೀಲದ ತಳ ಒದ್ದೆಯಾಗಿದೆಯೇ ಎಂದು ಬೆರಳಿನಿಂದ ಸವರುತ್ತ, ಸವರಿದ ಬೆರಳು ಕೆಂಪಾಗಿದೆಯೇ ಎಂದು ನೋಡುತ್ತ ಹಂಪಾಪುರದವರೆಗೆ ಕೂತಿದ್ದೆ. ನನ್ನ ತಮ್ಮನ ರಕ್ತ ನನ್ನ ತೊಡೆಯ ಮೇಲೆ, ಅದಕ್ಕೆ ಕೆನ್ನೆ ಕೊಟ್ಟು ಯಾರದೋ ಮಗು. ಗುರುಮಲ್ಲು, ನೀನು ಗುಂಡಿನ ನಡುವೆ ನಿಂತವನು. ನಿನಗೂ ಹೀಗೆ ಆಗಿತ್ತೇ? ಹಂಪಾಪುರದಲ್ಲಿ ತಾಯಿ ಮಗುವನ್ನು ಎತ್ತಿಕೊಂಡು ಇಳಿದಳು. ಹೋಗುವಾಗ, "ನಿಮ್ಮೋರ್ಗೆ ಬೇಗ ವಾಸಿಯಾಗ್ಲಿ ಕಣಕ್ಕ" ಎಂದಳು.

ಸ್ಟೇಷನ್ನಿನಲ್ಲಿ ಕಾಯುತ್ತಿದ್ದವರು ಕನ್ನಡಕದ ವಯಸ್ಸಾದ ಡಾಕ್ಟರು. ಥರ್ಮಾಸ್ ತೆರೆದು, ಸೀಸೆ ಎತ್ತಿ ನೋಡಿ, ಒಡೆದಿಲ್ಲ, ತಣ್ಣಗಿದೆ ಎಂದರು. ರೋಗಿ ನಿಮಗೇನಾಗಬೇಕು ಎಂದು ಕೇಳಿದರು. ತಮ್ಮ ಎಂದೆ. ಅವರು ಥರ್ಮಾಸಿನ ಮುಚ್ಚಳ ತಿರುಗಿಸುತ್ತ, ನಿಮ್ಮ ತಮ್ಮನನ್ನು ನಾನು ಬಲ್ಲೆ, ಬಾವಲಿಯ ಗವಿಗೆ ಅವನನ್ನು ಇಳಿಸಿದ ಹಗ್ಗ ಹಿಡಿದಿದ್ದವನು ನಾನೇ ಎಂದರು. ರೈಲು ಹೊರಡುವುದರಲ್ಲಿತ್ತು.

ನಾನು ಕೋಟೆಗೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬಾಗಿಲ ಹತ್ತಿರ ಕೂತಿದ್ದ ಸಿದ್ದ ಎದ್ದು ನಿಂತ, ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನದಿಂದ ಬುದ್ಧಿಯವರು ಯಾರನ್ನೂ ಗುರುತಿಸುತ್ತಿಲ್ಲ ಎಂದು ಚಾಮಯ್ಯ ಹೇಳಿದ. ನಾನು ಹತ್ತಿರ ಹೋಗಿ, ತಲುಪಿತು ಬಸವಣ್ಣ, ಒಡೆಯಲಿಲ್ಲ, ತಣ್ಣಗಿತ್ತು ಎಂದು ಕಿವಿಯಲ್ಲಿ ಹೇಳಿದೆ. ಅವನು ನನ್ನನ್ನು ನೋಡಿ, "ಅವ್ವಾ, ಇಲಿ ಬಿದ್ದಾವೆ, ಊರು ಬುಡಾಣ" ಎಂದ. ಆಮೇಲೆ ಮೂರು ದಿನ ಅವನು ಆಡಿದ್ದೆಲ್ಲ ಅಂಥದೇ ಮಾತು. ಬುದ್ಧಿ ನೆಟ್ಟಗಿದ್ದ ಅವನ ಕೊನೆಯ ಹಗಲನ್ನು ನಾನು ಬಸ್ಸಿನಲ್ಲಿ ಕಳೆದೆ. ನೀನು ಎರಡು ಸಲ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಇಪ್ಪತ್ತೈದನೇ ತಾರೀಕು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಮೂಗಿನ ರಕ್ತ ನಿಂತು, ಉಸಿರೂ ನಿಂತಿತು. ನಾನು ಪಕ್ಕದಲ್ಲಿದ್ದೆ. ಚಾಮಯ್ಯನಿದ್ದ. ಸಿದ್ದ ಹೊಸ್ತಿಲ ಹೊರಗಿದ್ದ. ನೋಟ್‌ಬುಕ್ಕಿನಲ್ಲಿ ಆ ಗಂಟೆಯನ್ನೂ ನಾನೇ ಬರೆದೆ.

ಅವ್ವ ಮಧ್ಯಾಹ್ನ ಊರಿನಿಂದ ಬಂದಳು. ಹೆಣ ಮುಟ್ಟಬೇಡಿ, ಸುಣ್ಣ ಹಾಕಿ ಬೇಗ ಮಣ್ಣು ಮಾಡಿ ಎಂದು ಯಾರೋ ಹೇಳುತ್ತಿದ್ದರು. ಡಾಕ್ಟರು ಪರವಾಗಿಲ್ಲ ಎಂಬರ್ಥದಲ್ಲಿ ಕೈಸನ್ನೆ ಮಾಡಿದರೂ ಜನ ಹಿಂದಕ್ಕೆ ಸರಿದರು. ಅವ್ವ ನೇರ ಒಳಗೆ ಬಂದು ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡಳು. "ಹುಟ್ದಾಗ್ಲೂ ಮುಟ್ಬ್ಯಾಡಿ ಅಂದಿದ್ರು" ಎಂದಳು. ವಿಭೂತಿ ಅವಳೇ ಹಚ್ಚಿದಳು. ಹೊರಲು ನಮ್ಮ ಜನ ಇಬ್ಬರೇ ಬಂದರು. ಸಿದ್ದ ಹಾಡಿಯ ಐದು ಜನರನ್ನು ಕರೆತಂದಿದ್ದ, ಅವರು ಹೆಗಲು ಕೊಟ್ಟರು. ಜಂಗಮರು ಮೊದಲು ಹಿಂದೆ ಮುಂದೆ ನೋಡಿ, ಅವ್ವನ ಮುಖ ನೋಡಿ ಮಂತ್ರ ಶುರುಮಾಡಿದರು. ಕೋಟೆಯ ಹೊರಗೆ, ಗದ್ದೆಬಯಲಿನ ಮೇಲಿನ ದಿಬ್ಬದಲ್ಲಿ ಕೂರಿಸಿ ಸಮಾಧಿ ಮಾಡಿದ್ದೇವೆ.

ನಿನಗೆ ಇಷ್ಟು ದಿನ ಬರೆಯದ ಕಾರಣವನ್ನೂ ಹೇಳುತ್ತೇನೆ. ಇಪ್ಪತ್ತೆಂಟರಂದು ಅವನ ಬಟ್ಟೆ ಕುದಿಸಲು ತೆಗೆಯುವಾಗ ನನ್ನ ಸೊಂಟದಲ್ಲಿ ಒಂದು ಮರಿ ಉಣ್ಣಿ ಕಚ್ಚಿಕೊಂಡಿತ್ತು. ಯಾರಿಗೂ ಹೇಳಲಿಲ್ಲ. ಕಿತ್ತು ಸೀಸೆಗೆ ಹಾಕಿ ದಿನಾಂಕ ಬರೆದೆ. ಎಂಟು ದಿನ ಗೋಡೆಗೆ ಒರಗಿ ಕೂತು ನನ್ನ ಹಣೆಯನ್ನು ನಾನೇ ಮುಟ್ಟಿಕೊಂಡೆ. ಸ್ವಲ್ಪ ತಲೆನೋವಾದರೂ ಬಂತು ಅಂದುಕೊಳ್ಳುತ್ತಿದ್ದೆ. ಎರಡನೆಯ ತಂತಿ ನಿನಗೆ ಬರುವುದಾದರೆ ಕಾಗದ ಯಾಕೆ ಎಂದು ಸುಮ್ಮನಿದ್ದೆ. ಬುಧವಾರಕ್ಕೆ ಎಂಟು ದಿನ ಮುಗಿಯಿತು. ಇನ್ನೂ ಮೂರು ದಿನ ಹೆಚ್ಚಿಗೆ ಕಾದು, ಇವತ್ತು ಬರೆಯಲು ಕೂತಿದ್ದೇನೆ. ಏನೂ ಆಗಿಲ್ಲ, ಕಣೋ. ಧೈರ್ಯವಾಗಿರು.

ನಿನ್ನ ಕಾಲು ಬೇಗ ನೆಟ್ಟಗಾಗಲಿ, ನಿನ್ನ ಜೊತೆಯವರೆಲ್ಲ ಕ್ಷೇಮವಾಗಿ ಅವರವರ ತಾಯಂದಿರ ಹತ್ತಿರ ಸೇರಲಿ. ಬೆಟ್ಟದ ಮಲ್ಲಯ್ಯ ನಿನ್ನೊಬ್ಬನನ್ನಾದರೂ ಕಾಯಲಿ.

ನಿನ್ನ ಅಕ್ಕ,
ಭದ್ರಮ್ಮ

ಮರೆತೆ. ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ತಂತಿ ಬಂತು. ರಕ್ತದಲ್ಲಿ ಕ್ರಿಮಿ ಸಿಕ್ಕಿದೆ, ಡಾಕ್ಟರುಗಳು ಬಂದಿದ್ದಾರೆ, ಸ್ಟೇಷನ್ನಿನಲ್ಲಿ ಕಂಡ ಕನ್ನಡಕದವರೂ ಇದ್ದಾರೆ. ಆದರೆ ಹಾಡಿ ಖಾಲಿ. ಜೀಪು ಕಂಡರೆ ಅಣೆಕಟ್ಟೆಗಾಗಿ ಹಾಡಿಯಿಂದ ಒಕ್ಕಲೆಬ್ಬಿಸಲು ಬಂದರು ಎಂದು ಹೆದರಿ, ಹೊಸದಾಗಿ ಜ್ವರ ಬಂದ ಇಬ್ಬರು ಮಕ್ಕಳನ್ನೂ ಹೊತ್ತುಕೊಂಡು ಕಾಡಿನ ಒಳಕ್ಕೆ ಹೋಗಿಬಿಟ್ಟಿದ್ದಾರೆ, ಮಂಗ ಸಾಯುತ್ತಿರುವ ಕಡೆಗೇ. ಸಿದ್ದ ಕೂಗಿದರೂ ಬರುತ್ತಿಲ್ಲ. ಬುದ್ಧಿಯವರ ಅಕ್ಕ ಬಂದು ಕರೆದರೆ ಬಂದಾರು ಅನ್ನುತ್ತಾನೆ. ಬರುತ್ತೇನೆ ಎಂದುಬಿಟ್ಟಿದ್ದೇನೆ. ಕಾಡಿನೊಳಗೆ ನಾನು ಇದುವರೆಗೆ ಕಾಲಿಟ್ಟವಳಲ್ಲ. ಅವ್ವನಿಗೆ ಹೇಳಿಲ್ಲ. ತಿಂಗಳೊಳಗೆ ನನ್ನ ಕಾಗದ ಬರದಿದ್ದರೆ ಅವ್ವನಿಗೆ ನೀನೇ ಬರೆ, ಮನೆಯ ಬೀಗದಕೈ ಪುಟ್ಟಸಿದ್ದಮ್ಮನ ಹತ್ತಿರ ಇರುತ್ತದೆ. ಬೈಯಬೇಡ. ಹೊರಗೆ ಜೀಪು ನಿಂತಿದೆ, ಆ ಮಕ್ಕಳಲ್ಲಿ ಒಂದಕ್ಕೆ ಇನ್ನೂ ಹೆಸರಿಟ್ಟಿಲ್ಲವಂತೆ.